ಕೀಲೆಣ್ಣೆಯ ಕಥೆ: ಗಾಡಿಯ ಅಚ್ಚಿನಿಂದ ಹೊರಟ ಹರಳೆಣ್ಣೆ ಎಲ್ಲೆಲ್ಲಿಗೆ ಹೋಯ್ತು?

ಸಾಮಾನ್ಯವಾಗಿ ನನ್ನ ಮುಂದೆ ಒಂದೆರಡು ಪುಸ್ತಕ ಇರುತ್ತೆ. ಇವತ್ತು ಒಂದು ಲೀಟರಿನ ಇಂಜಿನ್ ಆಯಿಲ್ ಡಬ್ಬಿ ಇದೆ, ಅದರ ಪಕ್ಕದಲ್ಲಿ ಕಿರಾಣಿ ಅಂಗಡಿಯಿಂದ ತಂದ ಸಣ್ಣ ಹರಳೆಣ್ಣೆ ಬಾಟಲಿ ಇದೆ. ವಿಡಿಯೋದಲ್ಲಿ ತೋರಿಸೋಕೆ ಬೇರೇನೂ ಇಲ್ಲ, ಕ್ಷಮಿಸಿ. ಯಾಕಂದ್ರೆ ನಾನು ಹೋಗಿ ಬಂದ ಜಾಗದಲ್ಲಿ ಗೇಟಿನಲ್ಲೇ ಫೋನ್ ಇಸ್ಕೊಂಡು ಚೀಟಿ ಕೊಟ್ಟರು. ಕಣ್ಣಲ್ಲಿ ನೋಡಿದ್ದನ್ನ ಬಾಯಲ್ಲಿ ಹೇಳ್ತೀನಿ.

ಪುಣೆಯಲ್ಲಿ ನಮ್ಮದೊಂದು ಹಳೇ ಕಾರುಗಳ ಗುಂಪಿದೆ. ಹೆಸರಿಗೆ ಕ್ಲಬ್ಬು. ವಾರವೆಲ್ಲಾ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಬಾನೆಟ್ ಎತ್ತಿ ಕೈ ಮಸಿ ಮಾಡ್ಕೊಳ್ಳೋ ಹನ್ನೊಂದು ಜನ. ಗುಂಪಿನಲ್ಲಿ ಒಬ್ಬರ ಪರಿಚಯದ ಮೇಲೆ, ತಳೋಜಾದ ಕೈಗಾರಿಕಾ ಪ್ರದೇಶದಲ್ಲಿರೋ ಒಂದು ಇಂಜಿನ್ ಆಯಿಲ್ ಕಾರ್ಖಾನೆಗೆ ಹೋಗೋಕೆ ಅನುಮತಿ ಸಿಕ್ತು. ಶುಕ್ರವಾರ ಸಂಜೆ, ಎರಡನೇ ಪಾಳಿ ಶುರುವಾದ ಮೇಲೆ ಬನ್ನಿ ಅಂದರು. ಆಫೀಸಿನಿಂದ ಬೇಗ ಹೊರಡೋಕೆ ಯಾರ್ಯಾರು ಯಾವ ಸುಳ್ಳು ಹೇಳಿದರು ಅನ್ನೋದು ಇಲ್ಲಿ ಬೇಡ. ಘಾಟ್ ಇಳಿದು ತಲುಪೋ ಹೊತ್ತಿಗೆ ದೀಪ ಹತ್ತಿತ್ತು, ಟ್ಯಾಂಕರುಗಳು ಸಾಲಾಗಿ ನಿಂತಿದ್ದವು.

ಒಳಗೆ ಹೋದ ಮೇಲೆ ಮೊದಲ ನಿರಾಸೆ. ಎಣ್ಣೆ ಕಾರ್ಖಾನೆ ಅಂದ್ರೆ ಕಚ್ಚಾ ತೈಲ, ದೊಡ್ಡ ಗೋಪುರ, ತುದಿಯಲ್ಲಿ ಬೆಂಕಿ ಅಂತೆಲ್ಲಾ ಅಂದುಕೊಂಡಿದ್ವಿ. ಅದೆಲ್ಲಾ ರಿಫೈನರಿಯಲ್ಲಿ. ಇಲ್ಲಿ ನಡೆಯೋದು ಬೆರಕೆಯ ಕೆಲಸ. ಬ್ಲೆಂಡಿಂಗ್ ಅಂತಾರೆ. ರಿಫೈನರಿಯಿಂದ ಬಂದ ಬೇಸ್ ಆಯಿಲನ್ನ ಮದುವೆಮನೆ ಕೊಪ್ಪರಿಗೆಗಿಂತ ನೂರು ಪಟ್ಟು ದೊಡ್ಡ ಪಾತ್ರೆಗೆ ಬಿಟ್ಟು, ಹದವಾಗಿ ಬಿಸಿ ಮಾಡಿ, ಅದಕ್ಕೆ ಅಡಿಟಿವ್ ಅನ್ನೋ ರಾಸಾಯನಿಕಗಳನ್ನ ಸೇರಿಸಿ ತಿರುಗಿಸ್ತಾರೆ. ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ. ಅಲ್ಲಿ ಪಾಸಾದರೆ ಡಬ್ಬಿಗೆ. ನಮ್ಮ ಕಾರಿಗೆ ಹಾಕೋ ಎಣ್ಣೆಯಲ್ಲಿ ನೂರಕ್ಕೆ 75ರಿಂದ 90 ಪಾಲು ಬೇಸ್ ಆಯಿಲು, ಉಳಿದದ್ದು ಈ ಅಡಿಟಿವ್. ಸಾರಿನ ಪುಡಿ ಇದ್ದ ಹಾಗೆ. ಬೇಳೆ ಕಟ್ಟು ಎಲ್ಲರ ಮನೆಯದೂ ಒಂದೇ, ರುಚಿ ಬೇರೆ ಮಾಡೋದು ಪುಡಿ.

ನನ್ನ ಸಂಜೆ ಬೆಳಗಿದ್ದು ಲ್ಯಾಬಿನಲ್ಲಿ. ಅಲ್ಲಿನ ಕೆಮಿಸ್ಟ್ ಮೇಡಂ ಮರಾಠಿಯವರು, ಇಪ್ಪತ್ತು ವರ್ಷದ ಅನುಭವ. ಮೇಜಿನ ಮೇಲೆ ಐದು ಸೀಸೆ ಇಟ್ಟು, ಮೂಸಿ ನೋಡಿ ಹೇಳಿ ಅಂದರು. ಮೊದಲ ನಾಲ್ಕಕ್ಕೆ ನಮ್ಮ ಇಂಜಿನಿಯರಿಂಗ್ ಡಿಗ್ರಿಗಳು ಏನೂ ಸಹಾಯ ಮಾಡಲಿಲ್ಲ. ಐದನೇದು ಮೂಗಿಗೆ ಹತ್ತಿರ ತಂದ ತಕ್ಷಣ ನಮ್ಮ ಗುಂಪಿನ ಬಾಗಲಕೋಟೆ ಗೆಳೆಯರು, "ಅಯ್ಯ, ಇದು ಔಡಲೆಣ್ಣಿ ಅಲ್ಲೇನ್ರೀ! ಸಣ್ಣಾವ್ರಿದ್ದಾಗ ಮೂಗು ಹಿಡದು ಕುಡಸ್ತಿದ್ರಲ್ಲ!" ಅಂತ ಕೂಗಿದರು. ತುಮಕೂರು ಕಡೆಯ ನನಗೆ ಅದು ಹರಳೆಣ್ಣೆ. ಶನಿವಾರದ ಎಣ್ಣೆಸ್ನಾನ, ಕಣ್ಣುರಿ, ಸೀಗೆಪುಡಿ ಎಲ್ಲಾ ಒಂದೇ ಸಲ ಬಂದು ಹೋಯ್ತು.

ಮೇಡಂ ನಕ್ಕು, "ಎಲ್ಲಾ ಇಲ್ಲಿಂದಲೇ ಶುರುವಾಗಿದ್ದು. ನಮ್ಮಲ್ಲಿ ಇದನ್ನೇ ವಂಗಣ ಮಾಡ್ತಿದ್ದರು" ಅಂದರು. ವಂಗಣ ಅಂದ್ರೆ ಮರಾಠಿಯಲ್ಲಿ ಗಾಡಿಯ ಅಚ್ಚಿಗೆ ಸವರೋ ಜಿಡ್ಡು. ನಮ್ಮ ಗುಂಪಿನಲ್ಲಿ ಹೈದರಾಬಾದಿನಿಂದ ಬಂದವರು ತೆಲುಗಿನಲ್ಲಿ ಅದು ಕಂದೆನ ಅಂದರು. ಚೆನ್ನೈಯಲ್ಲಿ ಎಂಟು ವರ್ಷ ಇದ್ದವರೊಬ್ಬರು, ತಮಿಳಿನಲ್ಲಿ ಮಸಗು ಅಂದರು. ಕನ್ನಡದಲ್ಲಿ? ಎರಡು ಕ್ಷಣ ಯಾರಿಗೂ ಹೊಳೀಲಿಲ್ಲ. ಆಮೇಲೆ ನನಗೆ ನಮ್ಮ ತಾತ ನೆನಪಾದರು. ಕೀಲೆಣ್ಣೆ!

ತಾತನ ಗಾಡಿಯ ಕೆಳಗೆ ಒಂದು ಬಿದಿರಂಡೆ ನೇತಾಡ್ತಿತ್ತು. ಅದರೊಳಗೆ ಕಪ್ಪಗೆ, ಗಟ್ಟಿಯಾಗಿ ಒಂದು ಲೇಹ್ಯ. ಸಂತೆಗೆ ಹೊರಡೋ ಮುಂಚೆ ಕಡಾಣಿ ತೆಗೆದು, ಚಕ್ರವನ್ನ ಸ್ವಲ್ಪ ಹೊರಗೆಳೆದು, ಕೋಲಿಗೆ ಸುತ್ತಿದ ಬಟ್ಟೆಯಿಂದ ಅಚ್ಚಿಗೆ ಆ ಕೀಲೆಣ್ಣೆ ಬಳಿಯೋರು. ಬಳಿಯದಿದ್ದರೆ ಗಾಡಿ ಊರೆಲ್ಲಾ ಕೇಳೋ ಹಾಗೆ ಕಿರುಗುಟ್ಟೋದು, ಎತ್ತಿಗೆ ಭಾರ, ಅಚ್ಚು ಬೇಗ ಸವೆಯೋದು. ಹರಳೆಣ್ಣೆಗೆ ಒಣಹುಲ್ಲು ಸುಟ್ಟ ಕರಿಯನ್ನ ಕಲಸಿ ಅದನ್ನ ಮಾಡ್ತಿದ್ದರು. ಬರೀ ಎಣ್ಣೆ ಹಾಕಿದರೆ ಸೋರಿ ಹೋಗುತ್ತೆ, ಕರಿ ಸೇರಿದರೆ ಹಿಡಿದು ನಿಲ್ಲುತ್ತೆ. ಇದನ್ನ ನಾನು ಮೇಡಂಗೆ ಹೇಳಿದಾಗ ಅವರು ಹೇಳಿದ ಮಾತು ನನಗೆ ತುಂಬಾ ಹಿಡಿಸ್ತು. "ಮತ್ತೆ, ಅದೂ ಬ್ಲೆಂಡಿಂಗೇ ಅಲ್ವಾ? ನಿಮ್ಮ ಅಜ್ಜ ಬೇಸ್ ಆಯಿಲಿಗೆ ಅಡಿಟಿವ್ ಹಾಕ್ತಿದ್ದರು."

ಇಲ್ಲಿಂದ ಮುಂದಿನದು ಮನೆಗೆ ಬಂದ ಮೇಲೆ ಎರಡು ವಾರ ಓದಿ ಜೋಡಿಸಿದ ಕಥೆ.

ಯಂತ್ರಗಳು ಬರೋವರೆಗೆ ಲೋಕದಲ್ಲೆಲ್ಲಾ ಕಥೆ ಇಷ್ಟೇ. ಯಾರ ಊರಲ್ಲಿ ಏನು ಸಿಗುತ್ತೋ ಅದು. ಯೂರೋಪಿನಲ್ಲಿ ದನದ ಕೊಬ್ಬು, ಆಲಿವ್ ಎಣ್ಣೆ, ತಿಮಿಂಗಿಲದ ಎಣ್ಣೆ. ನಮ್ಮಲ್ಲಿ ಹರಳೆಣ್ಣೆ. ಬ್ರಿಟಿಷರ ಕಾಲದಲ್ಲಿ ನಮ್ಮ ರೈಲುಗಳ ದೀಪಕ್ಕೂ ಹರಳೆಣ್ಣೆ ಉರಿಸಿದ್ದಾರೆ, ಕೀಲಿಗೂ ಹಾಕಿದ್ದಾರೆ.

ತೊಂದರೆ ಶುರುವಾಗಿದ್ದು ಸ್ಟೀಮ್ ಇಂಜಿನ್ನಿನ ಒಳಗೆ. ಬಿಸಿ ಹಬೆ ತಾಗಿದರೆ ಪ್ರಾಣಿ ಕೊಬ್ಬು ಒಡೆದು ಆಮ್ಲ ಆಗುತ್ತೆ, ಆ ಆಮ್ಲ ಕಬ್ಬಿಣ, ಹಿತ್ತಾಳೆ ತಿನ್ನುತ್ತೆ. ವಾಲ್ವುಗಳು ಅಂಟಿಕೊಂಡು ಕೆಟ್ಟು ಹೋಗ್ತಿದ್ದವು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡ್ರೇಕ್ ಎಣ್ಣೆ ಬಾವಿ ಕೊರೆದ ಮೇಲೆ ನೆಲದೊಳಗಿನ ಎಣ್ಣೆ ಸುಲಭವಾಗಿ ಸಿಗೋಕೆ ಶುರುವಾಯ್ತು. ಜಾನ್ ಎಲ್ಲಿಸ್ ಅಂತ ಒಬ್ಬ ವೈದ್ಯರು, ಕಚ್ಚಾ ತೈಲದಲ್ಲಿ ಏನಾದರೂ ಔಷಧ ಸಿಗುತ್ತಾ ಅಂತ ಹುಡುಕ್ತಾ ಇದ್ದರು. ಔಷಧ ಸಿಗಲಿಲ್ಲ, ಇಂಜಿನ್ನಿನ ವಾಲ್ವಿಗೆ ಎಣ್ಣೆ ಸಿಕ್ತು. 1866ರಲ್ಲಿ ಕಂಪನಿ ಕಟ್ಟಿದರು, ಮುಂದೆ ಆ ಎಣ್ಣೆಗೆ ವ್ಯಾಲ್ವೊಲಿನ್ ಅಂತ ಹೆಸರು ಬಂತು. ಅದೇ 1866ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪನಿ ಹುಟ್ಟಿತು. ಅವರು ಸೀಮೆಎಣ್ಣೆ ಮಾಡೋಕೆ ಹೋಗಿ, ಉಳಿದ ಗಟ್ಟಿ ಎಣ್ಣೆ ಚರ್ಮಕ್ಕೂ ಯಂತ್ರಕ್ಕೂ ಒಳ್ಳೇದು ಅಂತ ಕಂಡುಕೊಂಡರು. ಇಂದಿನ ಮೊಬಿಲ್ ಆ ಬೇರಿನಿಂದ ಬಂದದ್ದು.

ಈ ವ್ಯಾಕ್ಯೂಮ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಚಾರ್ಲ್ಸ್ ಚಿಯರ್ಸ್ ವೇಕ್‌ಫೀಲ್ಡ್ ಅನ್ನೋ ಇಂಗ್ಲಿಷಿನವನು 1899ರಲ್ಲಿ ರಾಜೀನಾಮೆ ಕೊಟ್ಟು ಲಂಡನ್ನಿನಲ್ಲಿ ಸ್ವಂತ ಕಂಪನಿ ತೆರೆದ. ಹಳೇ ಸಹೋದ್ಯೋಗಿಗಳು ಎಂಟು ಜನ ಅವನ ಹಿಂದೆ ಬಂದರು. ನಮ್ಮ ಫೀಲ್ಡಿನಲ್ಲಿ ಇವತ್ತೂ ಹಂಗೇ, ಅಲ್ವಾ? ಮೊದಲು ರೈಲಿಗೆ, ದೊಡ್ಡ ಯಂತ್ರಗಳಿಗೆ ಎಣ್ಣೆ ಮಾರಿದ. ಆಮೇಲೆ ಕಾರು, ವಿಮಾನ ಬಂದವು. ಈ ಇಂಜಿನ್ನುಗಳು ತಣ್ಣಗಿದ್ದಾಗ ಹರಿಯೋ ಅಷ್ಟು ತೆಳು, ಕಾದಾಗ ನಿಲ್ಲೋ ಅಷ್ಟು ದಪ್ಪ, ಎರಡೂ ಗುಣ ಇರೋ ಎಣ್ಣೆ ಕೇಳ್ತಿದ್ದವು. ಅವನ ಜನ ಎಣ್ಣೆಗೆ ಹರಳೆಣ್ಣೆ ಬೆರೆಸಿ ನೋಡಿದರು. ಕೆಲಸ ಮಾಡ್ತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್. 1909ರಲ್ಲಿ ಆ ಎಣ್ಣೆಗೆ ಇಟ್ಟ ಹೆಸರು ಕ್ಯಾಸ್ಟ್ರಾಲ್!

ಪೆಟ್ರೋಲ್ ಬಂಕಿನಲ್ಲಿ ಆ ಬೋರ್ಡನ್ನ ಸಾವಿರ ಸಲ ನೋಡಿದೀನಿ. ಅದರೊಳಗೆ ನಮ್ಮ ಹಿತ್ತಲಿನ ಹರಳುಗಿಡ ಕೂತಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಹರಳೆಣ್ಣೆಗೆ ಅಂಥದ್ದೇನು ವಿಶೇಷ? ಅದರ ಕೊಬ್ಬಿನಾಮ್ಲದಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲ. ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. ಆ ಅಣುವಿನ ಬೆನ್ನ ಮೇಲೆ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಹೆಚ್ಚಿಗೆ ಕೂತಿರುತ್ತೆ. ಅದರಿಂದ ಅಣುಗಳು ಒಂದನ್ನೊಂದು ಹಿಡ್ಕೊಳ್ತವೆ, ಲೋಹವನ್ನೂ ಹಿಡ್ಕೊಳ್ತವೆ. ಅದಕ್ಕೇ ಅದು ಅಷ್ಟು ಮಂದ, ಅಷ್ಟು ಜಿಡ್ಡು. ಜೊತೆಗೆ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗಲ್ಲ. ಈ ಕೊನೆಯ ಗುಣವೇ ಮೊದಲನೇ ಮಹಾಯುದ್ಧದಲ್ಲಿ ಅದನ್ನ ಆಕಾಶಕ್ಕೆ ಹತ್ತಿಸಿದ್ದು.

ಆಗಿನ ಯುದ್ಧವಿಮಾನಗಳಲ್ಲಿ ರೋಟರಿ ಇಂಜಿನ್ ಅಂತ ಒಂದು ವಿಚಿತ್ರ ಇತ್ತು. ಫ್ರಾನ್ಸಿನ ನೋಮ್, ಲ ರೋನ್, ಕ್ಲೆರ್ಜೆ ಕಂಪನಿಗಳದ್ದು. ನಮ್ಮ ಕಾರಿನಲ್ಲಿ ಇಂಜಿನ್ ಅಲ್ಲಾಡಲ್ಲ, ಒಳಗಿನ ಕ್ರ್ಯಾಂಕ್‌ಶಾಫ್ಟ್ ತಿರುಗುತ್ತೆ. ಅದರಲ್ಲಿ ಉಲ್ಟಾ. ಶಾಫ್ಟನ್ನ ವಿಮಾನಕ್ಕೆ ಬಿಗಿದು ಬಿಟ್ಟು, ಇಡೀ ಇಂಜಿನ್ನೇ ರೆಕ್ಕೆಯ ಜೊತೆ ಗಿರಗಿಟ್ಟಲೆ ಹಾಗೆ ಗರಗರ ತಿರುಗ್ತಿತ್ತು. ಗಾಳಿಗೆ ತಣ್ಣಗೂ ಆಗುತ್ತೆ, ಹಗುರವೂ ಹೌದು. ಆದರೆ ಪೆಟ್ರೋಲು ಮತ್ತು ಗಾಳಿ ಹೋಗೋ ದಾರಿ ಕ್ರ್ಯಾಂಕ್ ಇರೋ ಕೋಣೆಯೊಳಗಿಂದಲೇ. ಅಲ್ಲಿ ನೆಲದ ಎಣ್ಣೆ ಹಾಕಿದರೆ ಪೆಟ್ರೋಲು ಅದನ್ನ ತೊಳೆದು ಹಾಕಿಬಿಡುತ್ತೆ. ಹರಳೆಣ್ಣೆ ಹಾಕಿದರೆ ಜಗ್ಗದೆ ನಿಲ್ಲುತ್ತೆ. ಹಾಕಿದ ಎಣ್ಣೆ ವಾಪಸ್ ಬರೋ ವ್ಯವಸ್ಥೆಯೂ ಇರಲಿಲ್ಲ. ಒಳಗೆ ಹೋಗು, ಕೆಲಸ ಮಾಡು, ಹೊಗೆಯ ಜೊತೆ ಹೊರಗೆ ಬಾ, ಅಷ್ಟೇ. ಗಂಟೆಗೆ ಹಲವು ಲೀಟರ್ ಹರಳೆಣ್ಣೆ ಪೈಲಟ್ಟಿನ ಮುಖಕ್ಕೆ, ಕನ್ನಡಕಕ್ಕೆ, ಕೊರಳ ವಸ್ತ್ರಕ್ಕೆ ಎರಚ್ತಿತ್ತು. ಆ ಮಂಜು ಉಸಿರಿನಲ್ಲಿ ಹೋಗಿ ಹೊಟ್ಟೆ ಕೆಡುತ್ತಿತ್ತು ಅನ್ನೋ ಕಥೆಗಳು ಪೈಲಟ್ಟುಗಳ ನಡುವೆ ಬೇಕಾದಷ್ಟು. ನಮ್ಮ ಅಜ್ಜಿಯರಿಗೆ ಹೇಳಿದ್ದರೆ ಒಂದಿಷ್ಟೂ ಆಶ್ಚರ್ಯ ಪಡ್ತಿರಲಿಲ್ಲ.

ಇಷ್ಟು ಹರಳೆಣ್ಣೆ ಎಲ್ಲಿಂದ ಬರಬೇಕು? ಜಗತ್ತಿನ ಮಾರುಕಟ್ಟೆಗೆ ಹರಳುಬೀಜ ಹೆಚ್ಚಾಗಿ ಹೋಗ್ತಿದ್ದದ್ದು ಭಾರತದಿಂದ. ಬಾಂಬೆ ಬಂದರಿನಲ್ಲಿ ಗೋಣಿಚೀಲ ಹತ್ತಿ, ಇಂಗ್ಲೆಂಡಿನ ಹಲ್‌ನಂಥ ಬಂದರು ಊರುಗಳಲ್ಲಿ ಗಾಣಕ್ಕೆ ಬೀಳ್ತಿತ್ತು. ಬ್ರಿಟನ್ನಿಗೆ ಈ ಸಾಲು ಕೈಯಲ್ಲಿತ್ತು. ಸಮುದ್ರದಾರಿ ಮುಚ್ಚಿಹೋದ ಜರ್ಮನಿಗೆ ಇರಲಿಲ್ಲ. ಅವರು ಎಣ್ಣೆಗೆ ವಿದ್ಯುತ್ ಹಾಯಿಸಿ ಮಾಡಿದ ವೋಲ್ಟಾಲ್ ಅನ್ನೋ ಬದಲಿ ಎಣ್ಣೆ ಹಾಕಿದರು. 1918ರ ಬೇಸಿಗೆಯಲ್ಲಿ ಅವರ ಹೊಸ ಫೋಕರ್ ವಿಮಾನಗಳ ರೋಟರಿ ಇಂಜಿನ್ನುಗಳು ಕಾದು ಕೆಟ್ಟು ಕೂತವು. ಅಮೆರಿಕದವರೂ ಗಾಬರಿಯಾಗಿ ಅದೇ ವರ್ಷ ಫ್ಲೋರಿಡಾ ಮತ್ತು ಅಕ್ಕಪಕ್ಕದಲ್ಲಿ ಹರಳು ಬಿತ್ತಿಸಿದರು. ಬೂಷ್ಟು ರೋಗ ಬಿದ್ದು ಬೆಳೆ ಕೈಕೊಡ್ತು. ರಾಗಿ ಹೊಲದ ಬದುವಿನಲ್ಲಿ ಯಾರೂ ಕೇಳದೆ ಬೆಳೆಯೋ ಗಿಡ ನೋಡಿ ಇದು!

ಇಲ್ಲಿ ನನಗೆ ಒಂದು ಮಾತು ಹೇಳಬೇಕು ಅನಿಸುತ್ತೆ. ಬೀಜ ಇಲ್ಲಿಂದ ಚೀಲದಲ್ಲಿ ಹೋಯ್ತು, ಎಣ್ಣೆ ಅಲ್ಲಿಂದ ಬಣ್ಣದ ಡಬ್ಬಿಯಲ್ಲಿ ವಾಪಸ್ ಬಂತು. ವೇಕ್‌ಫೀಲ್ಡ್ ಕಂಪನಿಯ ಎಣ್ಣೆ 1910ರ ಹೊತ್ತಿಗೇ ಭಾರತದಲ್ಲಿ ಮಾರಾಟಕ್ಕಿತ್ತು. ಆತ ಲಂಡನ್ನಿನ ಲಾರ್ಡ್ ಮೇಯರ್ ಆದ. ಆ್ಯಮಿ ಜಾನ್ಸನ್ 1930ರಲ್ಲಿ ಒಬ್ಬಳೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದಳಲ್ಲ, ದಾರಿಯಲ್ಲಿ ಝಾನ್ಸಿಯಲ್ಲಿ ಇಳಿದಿದ್ದಳು, ಅವಳಿಗೆ ದುಡ್ಡಿನ ಸಹಾಯ ಮಾಡಿದವನೂ ಇವನೇ. ವ್ಯಾಪಾರಿಯಾಗಿ ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ, ಬೀಜ ಬೆಳೆದವನಿಗೆ ಸಿಕ್ಕಿದ್ದು ಬೀಜದ ಬೆಲೆ ಮಾತ್ರ, ಬೆರಕೆಯ ಬೆಲೆ ಅಲ್ಲ ಅನ್ನೋದೂ ಅಷ್ಟೇ ನಿಜ. ನಾವು ಬರೆದ ಕೋಡ್ ಎಲ್ಲಿಗೋ ಹೋಗಿ ಪ್ರಾಡಕ್ಟ್ ಆಗಿ ನಮ್ಮದೇ ಫೋನಿಗೆ ಸಬ್‌ಸ್ಕ್ರಿಪ್ಷನ್ ಆಗಿ ಬರುತ್ತಲ್ಲ, ಅದು ಕೇಳೋರಿಗೆ ಇದು ಹೊಸದೇನಲ್ಲ.

ಯುದ್ಧ ಮುಗಿದ ಮೇಲೆ ರೋಟರಿ ಇಂಜಿನ್ ಮೂಲೆ ಸೇರ್ತು. ಹರಳೆಣ್ಣೆ ರೇಸ್ ಕಾರುಗಳಲ್ಲಿ ಬಹಳ ಕಾಲ ಉಳೀತು, ಅದರ ಸುಟ್ಟ ಸಿಹಿ ವಾಸನೆಗೆ ಮನಸೋತ ಹಳಬರು ಇವತ್ತಿಗೂ ಇದ್ದಾರೆ. ದಿನಬಳಕೆಯ ಕಾರಿನಿಂದ ಮಾತ್ರ ಹೊರಬಿತ್ತು. ಕಾರಣ ಸರಳ. ಬಿಸಿಯಲ್ಲಿ ಗಾಳಿ ತಾಗ್ತಾ ತಾಗ್ತಾ ಅದು ಅಂಟಾಗುತ್ತೆ, ಪಿಸ್ಟನ್ ರಿಂಗು ಹಿಡ್ಕೊಳ್ಳುತ್ತೆ. ಬಾಣಲೆ ಅಂಚಿನಲ್ಲಿ ಎಣ್ಣೆ ಕಂದು ಪದರ ಕಟ್ಟುತ್ತಲ್ಲ, ಅದೇ ಕಥೆ. ರೇಸಿನವರಿಗೆ ಪ್ರತಿ ಸಲ ಇಂಜಿನ್ ಬಿಚ್ಚೋ ಅಭ್ಯಾಸ, ಅವರಿಗೆ ನಡೆಯುತ್ತೆ. ಆಫೀಸಿಗೆ ಹೋಗೋನಿಗೆ ನಡೆಯಲ್ಲ.

ಅಲ್ಲಿಂದ ಮುಂದೆ ನೆಲದ ಎಣ್ಣೆಯದೇ ರಾಜ್ಯ. ಮತ್ತು ಆಟವೆಲ್ಲಾ ಅಡಿಟಿವ್‌ನದ್ದು. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಇಂಜಿನ್ನುಗಳಲ್ಲಿ ರಿಂಗು ಅಂಟಿಕೊಳ್ಳೋ ಕಾಟ ಹೆಚ್ಚಾಗಿ, ಕೊಳೆ ಬಿಡಿಸೋ ಸಾಬೂನಿನಂಥ ವಸ್ತುವನ್ನ ಎಣ್ಣೆಗೇ ಬೆರೆಸಿದರು. ನಿಮ್ಮ ಕಾರಿನ ಎಣ್ಣೆ ಬೇಗ ಕಪ್ಪಾದರೆ ಗಾಬರಿ ಬೇಡ, ಕೊಳೆಯನ್ನ ಇಂಜಿನ್ನಿಗೆ ಅಂಟೋಕೆ ಬಿಡದೆ ತಾನು ಹೊತ್ಕೊಂಡಿದೆ ಅಂತ ಅರ್ಥ. 1940ರ ದಶಕದಲ್ಲಿ ಸತು ಮತ್ತು ರಂಜಕ ಇರೋ ಸಂಯುಕ್ತ ಬಂತು, ಲೋಹದ ಮೇಲೆ ತೆಳು ಪದರ ಕಟ್ಟಿ ಸವೆತ ತಡೆಯುತ್ತೆ. ಆಮೇಲೆ ಮಲ್ಟಿಗ್ರೇಡ್. ಡಬ್ಬಿ ಮೇಲೆ 20ಡಬ್ಲ್ಯೂ-50 ಅಂತ ಇರುತ್ತಲ್ಲ, ಆ ಡಬ್ಲ್ಯೂ ಅಂದ್ರೆ ವಿಂಟರ್, ಚಳಿಗಾಲ. ತುಂಬಾ ಜನ ಅದನ್ನ ವೇಟ್, ತೂಕ ಅಂದುಕೊಂಡಿದ್ದಾರೆ. ಮೊದಲ ಅಂಕೆ ಚಳಿಯಲ್ಲಿ ಹೇಗೆ ಹರಿಯುತ್ತೆ ಅನ್ನೋದು, ಎರಡನೇದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು. ಅದಕ್ಕಾಗಿ ಉದ್ದುದ್ದ ಅಣುಗಳನ್ನ ಬೆರೆಸ್ತಾರೆ. ಅವು ನಾಯಿಮರಿ ಇದ್ದ ಹಾಗೆ, ಚಳಿಗೆ ಮುದುಡ್ಕೊಂಡು ಮಲಗ್ತವೆ, ಬಿಸಿ ಏರಿದರೆ ಕೈಕಾಲು ಚಾಚ್ತವೆ. ಆಗ ಎಣ್ಣೆ ಪೂರ್ತಿ ನೀರಾಗಲ್ಲ.

ನಮ್ಮ ದೇಶದ ಕಥೆ ಬೇಗ ಹೇಳಿಬಿಡ್ತೀನಿ. ಮುಂಬೈನ ಟ್ರಾಂಬೆ-ಮಾಹುಲ್ ಕಡೆ 1954ರಲ್ಲಿ ಸ್ಟ್ಯಾನ್‌ವ್ಯಾಕ್, 1955ರಲ್ಲಿ ಬರ್ಮಾ ಶೆಲ್ ರಿಫೈನರಿ ಶುರುವಾದವು. ಪೆಟ್ರೋಲು, ಸೀಮೆಎಣ್ಣೆ ಇಲ್ಲೇ ಆದರೂ ಬೇಸ್ ಆಯಿಲಿಗೆ ಹೊರದೇಶದ ಕಡೆ ನೋಡ್ತಾ ಇದ್ವಿ. 1969ರಲ್ಲಿ ಟ್ರಾಂಬೆಯಲ್ಲಿ ಲೂಬ್ ರಿಫೈನರಿ ಬಂತು, ಅದು ಈಗ ಎಚ್‌ಪಿಸಿಎಲ್‌ನದ್ದು. 1972ರಲ್ಲಿ ಇಂಡಿಯನ್ ಆಯಿಲ್ ಸರ್ವೋ ಅನ್ನೋ ಬ್ರ್ಯಾಂಡ್ ತಂತು. 70ರ ದಶಕದಲ್ಲಿ ವಿದೇಶಿ ಕಂಪನಿಗಳ ರಿಫೈನರಿಗಳು ಸರ್ಕಾರದ ಕೈಗೆ ಬಂದವು. ಅಡಿಟಿವ್ ಕಾರ್ಖಾನೆಗಳೂ ಬಂದವು, ನವಿ ಮುಂಬೈಯಲ್ಲಿ ಲೂಬ್ರಿಜಾಲ್, ಚೆನ್ನೈನ ಮಣಲಿಯಲ್ಲಿ ಇಂಡಿಯನ್ ಅಡಿಟಿವ್ಸ್. ಎರಡೂ ಅಮೆರಿಕದ ಕಂಪನಿಗಳ ಜೊತೆ ಕೂಡಿ ಕಟ್ಟಿದ್ದು.

ಮತ್ತೆ ಲ್ಯಾಬಿಗೆ ಬರೋಣ. ನಮ್ಮ ಬಾಗಲಕೋಟೆ ಗೆಳೆಯರದ್ದು ಕುರ್ಲಾದಲ್ಲಿ ತಯಾರಾದ ಪದ್ಮಿನಿ, ಅವರಪ್ಪನ ಕಾರು. ಅಪ್ಪ ತೀರಿಕೊಂಡು ಮೂರು ವರ್ಷ. ಅವರು ಈ ಭೇಟಿಗೆ ಬಂದಿದ್ದೇ ಒಂದು ಪ್ರಶ್ನೆ ಕೇಳೋಕೆ. "ಮೇಡಂ, ಅಂಗಡಿಯವ ಹೊಸಾದು, ಭಾರೀ ತುಟ್ಟಿ ಎಣ್ಣಿ ಹಾಕ್ರಿ, ಇಂಜಿನ್ ಛಲೋ ಇರ್ತೈತಿ ಅಂತಾನ. ಹಾಕ್ಲ್ಯೋ ಬ್ಯಾಡೋ?" ಹಿಂದಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಜಾರಿದ್ದು ಅವರಿಗೇ ಗೊತ್ತಾಗಲಿಲ್ಲ. ನಾನು ತರ್ಜುಮೆ ಮಾಡಿದೆ.

ಮೇಡಂ ಬೇಡ ಅಂದರು. ಹೊಸ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ. ರಂಜಕ ಅದನ್ನ ಕೆಡಿಸುತ್ತೆ. ಹಾಗಾಗಿ 0ಡಬ್ಲ್ಯೂ-20, 5ಡಬ್ಲ್ಯೂ-30 ಥರದ ತೆಳು ಎಣ್ಣೆಗಳಲ್ಲಿ ಆ ಸತು-ರಂಜಕದ ಪಾಲನ್ನ ಕಡಿಮೆ ಮಾಡಿದ್ದಾರೆ. ಬಿಎಸ್-6 ಕಾರಿಗೆ ಅದೇ ಸರಿ. ಆದರೆ ಹಳೇ ಪದ್ಮಿನಿಯಲ್ಲಿ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜಿಕೊಂಡೇ ಕೆಲಸ ಮಾಡ್ತವೆ, ಅವಕ್ಕೆ ಆ ಸತುವಿನ ರಕ್ಷಣೆ ಬೇಕು, ದಪ್ಪ ಎಣ್ಣೆ ಬೇಕು. "ನಿಮ್ಮ ತಂದೆ ಏನು ಹಾಕ್ತಿದ್ದರು?" 20ಡಬ್ಲ್ಯೂ-50 ಅಂದರು ಇವರು. "ಅದನ್ನೇ ಹಾಕಿ." ಅಷ್ಟಕ್ಕೇ ಇವರ ಮುಖ ನೋಡಬೇಕಿತ್ತು.

ನಾನು ಸುಮ್ಮನಿರದೆ ಕೇಳಿದೆ, ಈ ಅಡಿಟಿವ್ ಪ್ಯಾಕೇಜಿನಲ್ಲಿ ನಿಖರವಾಗಿ ಏನೇನಿದೆ ಅಂತ ನಿಮಗೆ ಗೊತ್ತಾ? ಅವರು ಮರೆಮಾಚಲಿಲ್ಲ. ಡ್ರಮ್ಮಿನಲ್ಲಿ ಬರುತ್ತೆ, ಮೇಲೆ ಒಂದು ಕೋಡ್ ನಂಬರ್, ಎಷ್ಟು ಹಾಕಬೇಕು ಅನ್ನೋ ಲೆಕ್ಕ. ಸತು ಎಷ್ಟು, ಕ್ಯಾಲ್ಸಿಯಂ ಎಷ್ಟು ಅಂತ ಅಳೀತೀವಿ. ಪೂರ್ತಿ ಪಾಕ ನಮಗೂ ಹೇಳಲ್ಲ. ನನಗೆ ಮತ್ತೆ ತಾತನ ಬಿದಿರಂಡೆ ನೆನಪಾಯ್ತು. ಅದರಲ್ಲಿ ಏನಿದೆ ಅಂತ ಊರಿನ ಹುಡುಗರಿಗೂ ಗೊತ್ತಿತ್ತು.

ಹೊರಡೋ ಹೊತ್ತಿಗೆ ಮೇಡಂ ಐದನೇ ಸೀಸೆ ಎತ್ತಿ, "ಇದು ಹೋಗಿಲ್ಲ, ಇಲ್ಲೇ ಇದೆ" ಅಂದು ಪಕ್ಕದ ಡಬ್ಬಿ ತೆರೆದರು. ಕಂದು ಗ್ರೀಸು. ಲಿಥಿಯಂ ಗ್ರೀಸ್ ಅಂತಾರೆ. 1942ರಲ್ಲಿ ಕ್ಲಾರೆನ್ಸ್ ಅರ್ಲ್ ಅನ್ನೋ ಅಮೆರಿಕದವರಿಗೆ ಇದರ ಪೇಟೆಂಟ್ ಸಿಕ್ತು, ಈಗ ಜಗತ್ತಿನಲ್ಲಿ ತಯಾರಾಗೋ ಗ್ರೀಸಿನ ಅರ್ಧಕ್ಕಿಂತ ಹೆಚ್ಚು ಪಾಲು ಈ ಜಾತಿಯದ್ದು. ಗ್ರೀಸ್ ಅಂದ್ರೆ ಎಣ್ಣೆ ಸೋರಿ ಹೋಗದಂತೆ ಹಿಡಿದು ನಿಲ್ಲಿಸೋಕೆ ಒಂದು ಸಾಬೂನು ಸೇರಿಸಿದ್ದು. ಆ ಸಾಬೂನಿಗೆ ಬೇಕಾದ ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ ಬರೋದು ಹರಳೆಣ್ಣೆಯಿಂದ. ಹರಳು ಇವತ್ತಿಗೂ ಜಗತ್ತಿನ ಮುಕ್ಕಾಲಿಗಿಂತ ಹೆಚ್ಚು ಬೆಳೆಯೋದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ಗ್ರೀಸ್ ಹೋಗೋದು ಎಲ್ಲಿಗೆ? ಚಕ್ರದ ಬೇರಿಂಗಿಗೆ. ತಾತ ಕಡಾಣಿ ತೆಗೆದು ಬಳೀತಿದ್ದ ಅದೇ ಜಾಗಕ್ಕೆ!

ಮುಂದಿನ ಭಾನುವಾರ ಬಾಗಲಕೋಟೆ ಗೆಳೆಯರ ಮನೆ ಹತ್ತಿರ ಸೇರಿದ್ವಿ. ಪದ್ಮಿನಿಯ ಮುಂದಿನ ಚಕ್ರ ಬಿಚ್ಚಿ, ಹಳೇ ಗ್ರೀಸು ಒರೆಸಿ, ಅಂಗೈಗೆ ಹೊಸದು ಹಾಕ್ಕೊಂಡು ಬೇರಿಂಗಿಗೆ ಒತ್ತಿ ಒತ್ತಿ ತುಂಬ್ತಾ ಇದ್ದರು. ಅವರ ಆರು ವರ್ಷದ ಮಗಳು ಪಕ್ಕದಲ್ಲಿ ಕೂತು, "ಪಪ್ಪಾ, ಇದೇನು?" ಅಂತ ಕೇಳ್ತು. ಪುಣೆಯಲ್ಲಿ ಹುಟ್ಟಿದ ಮಗು, ಮರಾಠಿ, ಇಂಗ್ಲಿಷ್ ಎರಡೂ ಸಲೀಸು. ಅವರು ಒಂದು ಕ್ಷಣ ನನ್ನ ಕಡೆ ನೋಡಿ, "ಕೀಲೆಣ್ಣಿ, ಪುಟ್ಟಿ" ಅಂದರು.